ಸಿಗ್ನೆಯ ಆರೂವರೆ

ಬೇಟೆಗೆ ಹೋಗುವ ಗಂಡಸರ ಬಾಯಲ್ಲಿ ಎರಡೇ ವಿಷಯ. ಒಂದು ಕೋವಿ, ಇನ್ನೊಂದು ಗುಂಡು. ಹೆಂಡತಿ ಸತ್ತರೂ, ಮಂಡಿ ಹೋದರೂ, ಮಗ ಮಾತು ಬಿಟ್ಟರೂ ತುಟಿ ಬಿಚ್ಚದವರನ್ನು, ಒಂಬತ್ತು-ಮೂರರ ಗುಂಡು ಒಳ್ಳೆಯದೋ ಮುನ್ನೂರೆಪ್ಪತ್ತೈದರ ಗುಂಡು ಒಳ್ಳೆಯದೋ ಎಂದು ಕೇಳಿ ನೋಡಿ. ಕಾಫಿ ಆರಿ ತಣ್ಣಗಾದರೂ ನಿಲ್ಲಿಸುವುದಿಲ್ಲ. ಒಂದರ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ, ಇನ್ನೊಂದರದನ್ನು ಇಂಚಿನಲ್ಲಿ. ಯಾಕೆ ಹಾಗೆ ಎಂದು ಒಮ್ಮೆ ಕೇಳಿ ನಾನು ಇಡೀ ಮಧ್ಯಾಹ್ನ ಕಳೆದುಕೊಂಡಿದ್ದೇನೆ. ನೀವು ಕೇಳಬೇಡಿ.

ನಾನು ಗುನ್ವೋರ್. ಸ್ವಾರ್ಟ್‌ಲೀಡೆನ್ ಬೇಟೆ ಬಳಗದಲ್ಲಿ ಮೂವತ್ತೆಂಟು ವರ್ಷದಿಂದ ಮೂಸ್‌ಗಳ ಚರ್ಮ ಸುಲಿಯುವವಳು; ಮೂಸ್ ಅಂದರೆ ನಮ್ಮ ಕಾಡಿನ, ಕುದುರೆಗಿಂತ ಎತ್ತರದ ಜಿಂಕೆ. ನಾನು ಕೋವಿ ಹಿಡಿದವಳಲ್ಲ, ಚೂರಿ ಹಿಡಿದವಳು. ಅವರು ಹೊಡೆದು ತಂದದ್ದನ್ನು ನಾನು ಬಿಚ್ಚಿ ನೋಡುತ್ತೇನೆ. ಹಾಗಾಗಿ ಯಾರು ಎಲ್ಲಿಗೆ ಗುರಿಯಿಟ್ಟೆ ಎಂದು ಹೇಳಿದರು, ಅದು ನಿಜವಾಗಿ ಎಲ್ಲಿಗೆ ಬಿತ್ತು ಎಂಬುದು ನನಗೂ ಮೂಸ್‌ಗೂ ಮಾತ್ರ ಗೊತ್ತು. ಮೂಸ್ ಯಾರಿಗೂ ಹೇಳುವುದಿಲ್ಲ. ನಾನು ಹೇಳುತ್ತೇನೆ.

ನಮ್ಮ ಸುಲಿಯುವ ಮನೆಯ ಗೋಡೆಗೆ ಒಂದು ಉದ್ದನೆಯ ಪೈನ್ ಹಲಗೆ ಇದೆ. ಸತ್ತ ಮೂಸ್‌ನ ಮೈಯಲ್ಲಿ ಉಳಿದ ಗುಂಡನ್ನು ನಾನು ಹುಡುಕಿ ತೆಗೆಯಬೇಕು, ತೊಳೆದು ತಕ್ಕಡಿಯಲ್ಲಿ ತೂಗಬೇಕು, ಹೊಡೆದವರ ಹೆಸರಿನ ಸಾಲಿನಲ್ಲಿ ಆ ಗುಂಡನ್ನು ಮೊಳೆಯಿಂದ ಬಡಿದು, ಕೆಳಗೆ ವರ್ಷ ಮತ್ತು ತೂಕ ಬರೆಯಬೇಕು. ಇದು ನಮ್ಮ ಅಜ್ಜಂದಿರ ಕಾಲದಿಂದ ನಡೆದುಬಂದದ್ದು. ಭಾನುವಾರದ ಚರ್ಚು ತಪ್ಪಿದರೂ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಗುಂಡು ತೂಗುವುದು ತಪ್ಪಿದರೆ ಸಭೆ ಸೇರುತ್ತದೆ.

ಆ ಹಲಗೆಯ ಮೇಲೆ ದಪ್ಪ ಗುಂಡುಗಳ ಅತ್ಯಂತ ಉದ್ದನೆಯ ಸಾಲು ಅಲ್ಗೋಟನದು. ಅಲ್ಗೋಟ್ ನಮ್ಮ ಬೇಟೆಯ ನಾಯಕ, ಎಪ್ಪತ್ತನಾಲ್ಕು ವರ್ಷ, ನನ್ನ ಭಾವ. ಅವನ ಕೋವಿ ಒಂಬತ್ತು-ಮೂರು. ಅದರ ಪಕ್ಕದಲ್ಲಿ ಸಣ್ಣ ಗುಂಡುಗಳ ಸಾಲು ನನ್ನ ಅಕ್ಕ ಸಿಗ್ನೆಯದು. ಅವಳ ಕೋವಿ ಆರೂವರೆ ಮಿಲಿಮೀಟರಿನದು, ನಮ್ಮಪ್ಪ ಕೊಟ್ಟಿದ್ದು. ಆ ಸಾಲು ನಾಲ್ಕು ವರ್ಷದ ಹಿಂದೆ ನಿಂತುಹೋಗಿದೆ, ಅವಳು ತೀರಿಕೊಂಡ ವರ್ಷಕ್ಕೆ.

ಈ ಎರಡು ಕೋವಿಗಳ ಜಗಳ ಎಂಬತ್ತೊಂಬತ್ತರಲ್ಲಿ ಶುರುವಾಯಿತು. ಆ ವರ್ಷ ಅಲ್ಗೋಟನ ಕೋವಿ ರಿಪೇರಿಗೆ ಹೋಗಿತ್ತು. ಹೆಂಡತಿಯ ಆರೂವರೆ ಎತ್ತಿಕೊಂಡು ಹೋಗಿ ದಿಬ್ಬದ ಮೇಲೆ ನಿಂತ. ಒಂದು ಹೆಣ್ಣು ಮೂಸ್‌ಗೆ ಹೊಡೆದ. ಅದು ಬೀಳಲಿಲ್ಲ, ನಡೆಯಿತು. ಬಳಗವೆಲ್ಲ ಮೂರು ದಿನ ಅದರ ಹಿಂದೆ ಅಲೆಯಿತು. ಕೊನೆಗೆ ಜೌಗಿನಲ್ಲಿ ಸತ್ತು ಬಿದ್ದದ್ದು ಸಿಕ್ಕಿತು, ಮಾಂಸ ನಾಯಿಗೂ ಆಗಲಿಲ್ಲ. ಅಂಥ ನಾಚಿಕೆ ನಮ್ಮೂರಿಗೆ ಹಿಂದೆಂದೂ ಆಗಿರಲಿಲ್ಲ. ಅಲ್ಗೋಟ್ ಹೇಳಿದ್ದು ಒಂದೇ ಮಾತು: "ಗುಂಡು ಸಾಲಲಿಲ್ಲ." ವಾರದೊಳಗೆ ಒಂಬತ್ತು-ಮೂರು ಕೊಂಡುತಂದ. ಮುಂದಿನ ಸಭೆಯಲ್ಲಿ ಬಳಗದ ನಿಯಮ ಪುಸ್ತಕಕ್ಕೆ ಏಳನೆಯದೊಂದನ್ನು ಸೇರಿಸಿದ. ಒಂಬತ್ತು-ಮೂರಕ್ಕಿಂತ ಸಣ್ಣ ಗುಂಡಿನವರು ಕಾವಲು ಜಾಗದಲ್ಲಿ, ಅಂದರೆ ಮೂಸ್ ಬರುವುದನ್ನು ಕಾದು ಹೊಡೆಯುವ ಜಾಗದಲ್ಲಿ, ನಿಲ್ಲತಕ್ಕದ್ದಲ್ಲ. ನಾಯಿ ಹಿಡಿದು ಹಿಂದೆ ಬರಬಹುದು, ಕೋವಿ ಹೆಗಲಿಗಿದ್ದರೂ ಹಾರಿಸುವಂತಿಲ್ಲ; ಹಾರಿಸಿದವರು ಬಳಗದಿಂದ ಹೊರಗೆ.

ಸಿಗ್ನೆ ಸಭೆಯಲ್ಲಿ ಮೇಜೋಡು ಹೆಣೆಯುತ್ತಾ ಕೂತಿದ್ದಳು. ಕಣ್ಣೆತ್ತದೆ ಹೇಳಿದಳು: "ನಾನು ನಿಲ್ಲೋ ಜಾಗದಲ್ಲೇ ನಿಲ್ತೀನಿ. ನನ್ನ ಹತ್ರ ಇರೋದನ್ನೇ ಹಿಡ್ಕೊಂಡು." ಅವಳೊಂದಿಗೆ ವಾದ ಮಾಡುವ ಎದೆ ಯಾರಿಗಿತ್ತು? ಏಳನೆಯ ನಿಯಮದ ಕೊನೆಗೆ ಪೆನ್ಸಿಲಿನಲ್ಲಿ "ಸಿಗ್ನೆಯನ್ನು ಬಿಟ್ಟು" ಎಂದು ಸೇರಿಸಿದರು. ಅಲ್ಲಿಂದ ಮೂವತ್ತು ವರ್ಷ ಅಲ್ಗೋಟ್ ಅವಳ ಕೋವಿಯನ್ನು ಹೆಣೆಯುವ ಕಡ್ಡಿ ಎಂದು ಕರೆದ. ಅವಳು ವರ್ಷಕ್ಕೊಂದು ಎರಡು ಮೂಸ್ ಹೊಡೆದು ತಂದು ಸುಮ್ಮನೆ ನನ್ನ ಮುಂದೆ ಹಾಕಿದಳು.

ಈಗ ಬಳಗದಲ್ಲಿ ಆರೂವರೆ ಉಳಿದಿರುವುದು ತೂವಾಳ ಹತ್ತಿರ ಮಾತ್ರ. ಇಪ್ಪತ್ತನಾಲ್ಕರ ಹುಡುಗಿ, ಕರೆಂಟಿನ ಕೆಲಸ ಮಾಡುತ್ತಾಳೆ, ಓಡುವ ಮೂಸ್ ಬೊಂಬೆಗೆ ಗುರಿಯಿಡುವ ಪರೀಕ್ಷೆಯಲ್ಲಿ ಇಡೀ ತಾಲ್ಲೂಕಿಗೆ ಮೊದಲು. ಮೂರು ವರ್ಷದಿಂದ ಕಾವಲು ಜಾಗ ಕೇಳುತ್ತಿದ್ದಾಳೆ. ಮೂರು ವರ್ಷದಿಂದ ಅಲ್ಗೋಟ್ ಏಳನೆಯ ನಿಯಮ ತೋರಿಸಿ ಅವಳನ್ನು ನಾಯಿಯ ಹಿಂದೆ ಕಳಿಸುತ್ತಿದ್ದಾನೆ. ನಿಯಮವನ್ನು ಗಟ್ಟಿಯಾಗಿ ಓದಿ ಹೇಳುವುದು ಅವಳ ಸ್ವಂತ ಸೋದರಮಾವ ಸಿಕ್ಸ್ಟೆನ್.

ಸಿಕ್ಸ್ಟೆನ್ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಗುಂಡುಗಳ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದಿಲ್ಲ, ಗೊತ್ತಿದ್ದದ್ದನ್ನು ಹೇಳದೆ ಬಿಟ್ಟದ್ದೂ ಇಲ್ಲ. ಅವನ ಕೋವಿ ಮುನ್ನೂರೆಪ್ಪತ್ತೈದು, ಆಫ್ರಿಕಾದಲ್ಲಿ ಕಾಡುಕೋಣಕ್ಕೆ ಹೊಡೆಯುವಂಥದ್ದು. ಅದು ಹಾರಿದಾಗಲೆಲ್ಲ ಹಿಂದಕ್ಕೆ ಒದ್ದು, ಕೋವಿಯ ಮೇಲಿನ ದುರ್ಬೀನಿನ ಅಂಚು ಅವನ ಹುಬ್ಬಿನ ಮೇಲೆ ಅಚ್ಚೊತ್ತುತ್ತದೆ. ಅವನ ಹಣೆಯ ಮೇಲೆ ವರ್ಷವಿಡೀ ಒಂದು ಅರ್ಧಚಂದ್ರ. ಕೇಳಿದರೆ ಕೊಂಬೆ ಬಡಿಯಿತು ಎನ್ನುತ್ತಾನೆ.

ಈ ವರ್ಷ ಅಲ್ಗೋಟ್ ಸರಿಯಿಲ್ಲ ಎಂಬುದು ನನಗೆ ಬೇಸಿಗೆಯಲ್ಲೇ ಗೊತ್ತಾಗಿತ್ತು. ಏಪ್ರಿಲಿನಲ್ಲಿ ಮೂರು ವಾರ ಅವನು ಊರಲ್ಲಿರಲಿಲ್ಲ; ತನ್ನ ತಂಗಿಯ ಮನೆಗೆ ಹೋಗಿದ್ದೆ, ಅವಳ ಸ್ನಾನದಮನೆಗೆ ಕಲ್ಲು ಹಾಕಿಸಿಕೊಟ್ಟೆ ಎಂದ. ಬಂದಮೇಲೆ ಕಾಫಿ ಲೋಟವನ್ನು ಎಡಗೈಯಲ್ಲಿ ಎತ್ತತೊಡಗಿದ. ಪ್ರತಿ ವರ್ಷ ಆಗಸ್ಟಿನ ಗುರಿ ಪರೀಕ್ಷೆ ಮುಗಿಸಿ ಬಂದಾಗ ಕೋವಿ ಒದ್ದ ಅವನ ಭುಜಕ್ಕೆ ಹಚ್ಚಿದ ಕರ್ಪೂರದೆಣ್ಣೆಯ ವಾಸನೆ ನನ್ನ ಅಡುಗೆಮನೆಯ ಪರದೆಗೆ ವಾರಗಟ್ಟಲೆ ಹತ್ತಿಕೊಳ್ಳುತ್ತಿತ್ತು. ಈ ಸಲ ಪರೀಕ್ಷೆಯನ್ನು ಪಕ್ಕದ ಊರಿನಲ್ಲಿ ಒಬ್ಬನೇ ಹೋಗಿ ಮುಗಿಸಿ ಬಂದ. ವಾಸನೆಯೇ ಇಲ್ಲ.

"ಭುಜ ಹೇಗಿದೆ ಭಾವ?" ಎಂದೆ.

ಅವನು ಉಸಿರನ್ನು ತುಟಿಯ ಸಂದಿಯಿಂದ ಸುಯ್ ಎಂದು ಒಳಗೆಳೆದುಕೊಂಡ. ನಮ್ಮ ಕಡೆ ಹೌದು, ಸರಿ, ಆಯಿತು ಎಂಬ ಮೂರಕ್ಕೂ ಬಾಯಿ ತೆರೆಯುವ ಪದ್ಧತಿಯಿಲ್ಲ. ಹೀಗೆ ಒಂದು ಉಸಿರು ಒಳಗೆಳೆದರೆ ಮುಗಿಯಿತು. ಹುಟ್ಟಿದ ಮಗುವೂ ಮೊದಲು ಅದನ್ನೇ ಕಲಿಯುತ್ತದೆ, ಅಮ್ಮ ಎನ್ನುವುದು ಆಮೇಲೆ.

ಸೆಪ್ಟೆಂಬರಿನ ಮೊದಲ ಸೋಮವಾರ, ಬೇಟೆಯ ಮೊದಲ ದಿನ. ಸುಲಿಯುವ ಮನೆಯ ಮುಂದೆ ಬೆಂಕಿ ಹಾಕಿ ಕಾಫಿ ಕುದಿಸಿದ್ದೆ, ನಮ್ಮ ಕಡೆಯ ಪದ್ಧತಿಯಂತೆ ಗಿಣ್ಣಿನ ತುಂಡು ಹಾಕಿ. ಬಳಗದ ಹನ್ನೊಂದು ಜನ ಸುತ್ತ ಕೂತಿದ್ದರು. ಕಾವಲು ಜಾಗಕ್ಕೆ ಚೀಟಿ ಎತ್ತಿಯಾಗಿತ್ತು. ದಿಬ್ಬ ಮಾತ್ರ ಚೀಟಿಗೆ ಬರುವುದಿಲ್ಲ, ಅದು ನಾಯಕನದು. ತೂವಾ ಎಂದಿನಂತೆ ನಾಯಿಯ ಹಗ್ಗ ಹಿಡಿದು ಕೂತಿದ್ದಳು, ಸಿಕ್ಸ್ಟೆನ್ ಎಂದಿನಂತೆ ಶುರು ಮಾಡಿದ.

"ಲೆಕ್ಕ ಕೇಳು ತೂವಾ. ನಿನ್ನ ಆರೂವರೆ ಗುಂಡು ಹತ್ತು ಗ್ರಾಂ. ಅಲ್ಗೋಟನದು ಹದಿನೆಂಟೂವರೆ. ನಂದು ಹತ್ತೊಂಬತ್ತೂವರೆ. ಗಂಡು ಮೂಸ್ ಎಷ್ಟು? ಐನೂರು ಕಿಲೋ. ಐನೂರು ಕಿಲೋಗೆ ಹತ್ತು ಗ್ರಾಂ ಅಂದ್ರೆ ಸೊಳ್ಳೆ ಕಚ್ಚಿದ ಹಾಗೆ."

"ಸೊಳ್ಳೆ ನಿಮ್ಮ ಹಣೆಗೂ ಕಚ್ಚಿದೆಯಲ್ಲ ಮಾವ."

"ಅದು ಕೊಂಬೆ."

"ವರ್ಷಾ ವರ್ಷಾ ಅದೇ ಕೊಂಬೆ, ಅದೇ ಹುಬ್ಬು. ಪಾಪ, ನಿಮ್ಮನ್ನ ಕಂಡ್ರೆ ಅದಕ್ಕೆ ಎಷ್ಟು ಪ್ರೀತಿ."

ಎಲ್ಲರೂ ನಕ್ಕರು. ಸಿಕ್ಸ್ಟೆನ್ ಕೆಂಪಾದ. "ತಮಾಷೆ ಬಿಡು. ಭುಜದ ಮೂಳೆ ಅಡ್ಡ ಬಂದ್ರೆ ನಿನ್ನ ಗುಂಡು ಏನು ಮಾಡತ್ತೆ?"

"ಭುಜಕ್ಕೆ ಯಾಕೆ ಹೊಡೀಲಿ? ಅದರ ಹಿಂದೆ ಒಂದು ಗೇಣು ಬಿಟ್ಟು ಹೊಡೀತೀನಿ. ಆರೂವರೆ ಗುಂಡು ತೆಳ್ಳಗೆ ಉದ್ದ ಇದೆ, ಆಚೆ ಈಚೆ ವಾಲದೆ ನೇರ ಹೋಗತ್ತೆ. ಎರಡೂ ಶ್ವಾಸಕೋಶ ದಾಟಿದ ಮೇಲೆ ಮೂಸ್ ತೂಕ ಕೇಳ್ಕೊಂಡು ಕೂರತ್ತಾ?"

"ಸ್ವಲ್ಪ ಪಕ್ಕಕ್ಕೆ ತಿರುಗಿ ನಿಂತ್ಕೋಪ್ಪಾ ಅಂತ ಮೂಸ್‌ಗೆ ಕಾಗದ ಬರೀತೀಯಾ?"

"ತಿರುಗದಿದ್ರೆ ಹೊಡೆಯಲ್ಲ. ಮನೆಗೆ ಬರ್ತೀನಿ. ನಿಮ್ಮ ಕೋವಿಗೆ ಎಲ್ಲಿಂದ ಹೊಡೆದ್ರೂ ಬೀಳತ್ತೆ ಅಂತ ನೀವು ಎಲ್ಲಿಂದ ಬೇಕಾದ್ರೂ ಹೊಡೀತೀರಾ. ಪಾಪ, ಗುನ್ವೋರಕ್ಕ ಅರ್ಧ ಮಾಂಸ ಬಕೆಟ್‌ಗೆ ಬಿಸಾಕ್ತಾರೆ."

ನಾನು ಸುಯ್ ಎಂದೆ. ನಿಜವಾದ ಮಾತಿಗೆ ಇಲ್ಲ ಎನ್ನಲಾಗುತ್ತದೆಯೇ?

ಎಲ್ಲರೂ ಅಲ್ಗೋಟನ ಕಡೆ ತಿರುಗಿದರು. ಇಂಥ ಹೊತ್ತಿನಲ್ಲಿ ಅವನು ಜೇಬಿನಿಂದ ಒಂಬತ್ತು-ಮೂರರ ತೋಟಾ ಒಂದನ್ನು ತೆಗೆದು, ಅಂಗೈಯಲ್ಲಿ ಎಸೆದು ಹಿಡಿಯುತ್ತಾ, "ಹೆಣೆಯೋ ಕಡ್ಡಿ ಮನೇಲಿಡಿ, ಮೇಜೋಡಿಗಾಗತ್ತೆ" ಎನ್ನಬೇಕು. ಮೂವತ್ತು ವರ್ಷದ ವಾಡಿಕೆ ಅದು. ಅವನು ಕಾಫಿಯನ್ನು ಊದಿದ. ಜೇಬಿಗೆ ಕೈ ಹೋಗಲಿಲ್ಲ.

"ನಾಯಿಗೆ ನೀರು ಕುಡಿಸಿದೀಯಾ ತೂವಾ?" ಎಂದ.

ಅವನ ಕೋವಿ ಮಂಡಿಯ ಮೇಲಿತ್ತು. ಅದೇ ಹಳೆಯ ಮರದ ಹಿಡಿ, ಅದೇ ಮೂಸ್ ಕೊಂಬಿನ ಕೆತ್ತನೆ. ನಳಿಗೆಯ ಬಾಯಿಗೆ ಕರಿ ಟೇಪು ಸುತ್ತಿತ್ತು. ಮಳೆ ಬಂದಾಗ ಹಾಗೆ ಸುತ್ತುವುದುಂಟು, ಹಾರಿಸಿದರೆ ಹರಿದುಹೋಗುತ್ತದೆ. ಆಕಾಶ ನೋಡಿದೆ. ಒಂದು ಮೋಡವಿರಲಿಲ್ಲ.

ಒಂಬತ್ತೂವರೆ ಹೊತ್ತಿಗೆ ನಾಯಿ ಬೊಗಳುವುದು ಕೇಳಿಸಿತು. ಹತ್ತಕ್ಕೆ ಗುಂಡು. ಒಂದೇ. ಒಂಬತ್ತು-ಮೂರು ಹಾರಿದರೆ ಧಡಂ ಎಂದು ನನ್ನ ಸುಲಿಯುವ ಮನೆಯ ಕಿಟಕಿ ಗಾಜು ನಡುಗುತ್ತದೆ. ಈಗ ಚಟ್ ಎಂದಿತು, ಒಣ ಕಡ್ಡಿ ಮುರಿದ ಹಾಗೆ. ರೇಡಿಯೋದಲ್ಲಿ ಅಲ್ಗೋಟನ ದನಿ ಬಂತು: "ಬಿತ್ತು." ಅಷ್ಟೇ. ಮದುವೆಯಾದಾಗಲೂ ಅವನು ಅದಕ್ಕಿಂತ ಹೆಚ್ಚು ಮಾತಾಡಿರಲಿಲ್ಲ.

ಮಧ್ಯಾಹ್ನಕ್ಕೆ ಮೂಸ್ ಬಂತು. ದೊಡ್ಡ ಗಂಡು, ಕೊಂಬಿಗೆ ಹದಿನಾಲ್ಕು ಕವಲು. ಕೊಕ್ಕೆಗೆ ಹಾಕಿ ಎತ್ತಿದೆವು. ಸಿಕ್ಸ್ಟೆನ್‌ಗೆ ತಾನೇ ಹೊಡೆದಷ್ಟು ಸಂಭ್ರಮ.

"ನೋಡಿದ್ಯಾ ತೂವಾ, ಮೂವತ್ತು ಹೆಜ್ಜೆ! ಮೂವತ್ತೇ ಹೆಜ್ಜೆ ಹಾಕಿ ಬಿದ್ದಿದೆ. ಇದಕ್ಕೆ ಒಂಬತ್ತು-ಮೂರು ಅನ್ನೋದು. ಹದಿನೆಂಟೂವರೆ ಗ್ರಾಂ ಒಳಗೆ ಹೋಗಿ ಕೂತ್ರೆ ಮೂಸ್‌ಗೆ ನಡೆಯೋ ಮನಸ್ಸೇ ಬರಲ್ಲ. ನಿನ್ನ ಆರೂವರೆ ಆಗಿದ್ರೆ ನಾವಿನ್ನೂ ಜೌಗಿನಲ್ಲಿ ಓಡ್ತಾ ಇರ್ತಿದ್ವಿ."

ಅಲ್ಗೋಟ್ ಮೂಲೆಯ ಬೆಂಚಿನಲ್ಲಿ ಕೂತು ಬೂಟಿನ ದಾರವನ್ನೇ ನೋಡುತ್ತಿದ್ದ.

ನಾನು ಸುಲಿಯತೊಡಗಿದೆ. ಗುಂಡು ಹೊಕ್ಕ ತೂತು ಭುಜದ ಹಿಂದೆ, ಸರಿಯಾಗಿ ಒಂದು ಗೇಣು. ಆಚೆ ಬದಿಯಲ್ಲಿ ತೂತಿಲ್ಲ. ಅಂದರೆ ಗುಂಡು ಒಳಗೇ ಇದೆ, ಆಚೆ ಬದಿಯ ಚರ್ಮಕ್ಕೆ ಒತ್ತಿಕೊಂಡು ಕೂತಿರುತ್ತದೆ. ಕೈ ಹಾಕಿ ತಡಕಿದೆ. ಸಿಕ್ಕಿತು. ಬೆರಳಲ್ಲಿ ಹೊರಳಿಸಿ ನೋಡಿದೆ. ನನ್ನ ಬೆರಳುಗಳಿಗೆ ಮೂವತ್ತೆಂಟು ವರ್ಷದ ಅಭ್ಯಾಸ. ಒಂಬತ್ತು-ಮೂರರ ಗುಂಡಿನ ಬಾಲ ಕೋಟಿನ ಗುಂಡಿಯಷ್ಟಿರುತ್ತದೆ. ಇದು ಅಂಗಿಯ ಗುಂಡಿ.

ಎಡಗೈಯ ಕಾಫಿ, ಕರ್ಪೂರದೆಣ್ಣೆ ಇಲ್ಲದ ಆಗಸ್ಟ್, ಮೋಡವಿಲ್ಲದ ದಿನದ ಟೇಪು, ಚಟ್ ಎಂಬ ಸದ್ದು, ಎಲ್ಲವೂ ಒಂದೇ ಕ್ಷಣಕ್ಕೆ ನನ್ನ ತಲೆಯಲ್ಲಿ ಸಾಲಾಗಿ ನಿಂತವು. ಈ ಮನುಷ್ಯ ತಂಗಿಯ ಮನೆಗೆ ಹೋಗಿರಲಿಲ್ಲ. ಆಸ್ಪತ್ರೆಯಲ್ಲಿ ಭುಜ ಕುಯ್ಯಿಸಿಕೊಂಡು ಬಂದಿದ್ದ. ತನ್ನ ಕೋವಿಯ ಮರದ ಹಿಡಿಯೊಳಗೆ ನನ್ನಕ್ಕನ ಆರೂವರೆ ನಳಿಗೆಯನ್ನು ಕೂರಿಸಿಕೊಂಡು ಬಂದಿದ್ದ.

ಈಗ ನಾನು ಮಾಡಿದ್ದಕ್ಕೆ ಕಾರಣ ಕೇಳಿದರೆ, ಕರುಣೆ ಎಂದು ಹೇಳಬಹುದು. ಪೂರ್ತಿ ನಿಜವಲ್ಲ. ಅಲ್ಗೋಟನನ್ನು ಬಳಗದಿಂದ ಹೊರಗೆ ಹಾಕಿದರೆ ಅವನಿಗೆ ಉಳಿಯುವುದು ಏನು? ಖಾಲಿ ಮನೆ. ಮತ್ತೆ ನನ್ನ ಅಡುಗೆಮನೆ. ಬೆಳಗಿನಿಂದ ಸಂಜೆವರೆಗೆ ನನ್ನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಕಾಫಿ ತೆಳ್ಳಗಾಯಿತು, ಪಾಲ್ಟ್ ಕಡುಬು ಗಟ್ಟಿಯಾಯಿತು, ಸಿಗ್ನೆ ಹೀಗೆ ಮಾಡುತ್ತಿರಲಿಲ್ಲ ಎನ್ನುತ್ತಾನೆ. ಅಂಥ ಹತ್ತು ವರ್ಷ ನನ್ನಿಂದಾಗದು. ಹಣೆ ಒರೆಸಿಕೊಳ್ಳುವವಳಂತೆ ಕೈ ಎತ್ತಿ, ಗುಂಡನ್ನು ಮೇಲ್ತುಟಿಯ ಕೆಳಗೆ ತುರುಕಿಕೊಂಡೆ. ಅಲ್ಲಿ ಯಾವಾಗಲೂ ಸ್ನೂಸ್ ಹೊಗೆಸೊಪ್ಪಿನ ಉಂಡೆ ಇರುತ್ತದೆ, ಉಬ್ಬಿದ್ದರೂ ಯಾರಿಗೂ ಅನುಮಾನವಿಲ್ಲ.

"ಗುಂಡು ಸಿಗಲಿಲ್ಲ," ಎಂದೆ.

ಮೂವತ್ತೆಂಟು ವರ್ಷದಲ್ಲಿ ನಾನು ಆ ಮಾತು ಹೇಳಿದ್ದು ಅದೇ ಮೊದಲು.

"ಆಚೆ ತೂತಿಲ್ಲ," ಎಂದ ಸಿಕ್ಸ್ಟೆನ್. "ಒಳಗೇ ಇರಬೇಕು."

"ಇಲ್ಲ ಅಂದೆನಲ್ಲ."

"ಹದಿನೆಂಟೂವರೆ ಗ್ರಾಂ ಕರಗಿ ಹೋಯ್ತಾ?" ಎಂದವನೇ ಕಾರಿಗೆ ಓಡಿದ. ಬರುವಾಗ ಅವನ ಕೈಯಲ್ಲಿ ಲೋಹ ಹುಡುಕುವ ಯಂತ್ರ, ಉದ್ದನೆಯ ಕೋಲಿನ ತುದಿಗೆ ತಟ್ಟೆ. ಹಳೆಯ ನಾಣ್ಯ ಹುಡುಕಲು ಕೊಂಡದ್ದಂತೆ, ಇದುವರೆಗೆ ಸಿಕ್ಕಿದ್ದು ಬರೀ ಸಾರಾಯಿ ಶೀಸೆಯ ಮುಚ್ಚಳ. ಮೂಸ್‌ನ ಮೈಮೇಲೆಲ್ಲ ಆಡಿಸಿದ. ಸದ್ದಿಲ್ಲ. ಚರ್ಮದ ಮೇಲೆ, ಕರುಳಿನ ತೊಟ್ಟಿಯ ಮೇಲೆ ಆಡಿಸಿದ. ಸದ್ದಿಲ್ಲ. ಬೇಸತ್ತು ತಿರುಗಿದಾಗ ತಟ್ಟೆ ಅಲ್ಗೋಟನ ಬಲಭುಜದ ಹತ್ತಿರ ಹಾದುಹೋಯಿತು. ಯಂತ್ರ ಹಂದಿಮರಿಯಂತೆ ಕಿರುಚಿತು.

"ಅಂಗಿ ಗುಂಡಿ," ಎಂದ ಅಲ್ಗೋಟ್.

"ಭುಜದ ಮೇಲೆ ಗುಂಡಿ?" ಸಿಕ್ಸ್ಟೆನ್ ಗೊಂದಲದಲ್ಲಿ ಎರಡು ಹೆಜ್ಜೆ ಹಿಂದೆ ಸರಿದ. ಹಿಂದೆ ನಾನಿದ್ದೆ. ತಟ್ಟೆ ನನ್ನ ಮುಖದ ಮುಂದೆ ಬಂತು. ಮತ್ತೆ ಕಿರುಚಿತು, ಮೊದಲಿಗಿಂತ ಜೋರಾಗಿ.

ಹನ್ನೊಂದು ಜನ ನನ್ನ ಬಾಯಿಯನ್ನೇ ನೋಡಿದರು.

"ಗುನ್ವೋರ್, ಹಲ್ಲು ಕಟ್ಟಿಸಿದೀಯಾ?" ಎಂದು ಸಿಕ್ಸ್ಟೆನ್ ಕೇಳಿದ.

ಒಳ್ಳೆಯ ದಾರಿ ತಾನಾಗಿ ತೆರೆದಿತ್ತು. ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಅರವತ್ತೆಂಟು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ಹೌದು ಎನ್ನಲು ಸುಯ್ ಎಂದು ಉಸಿರನ್ನು ಒಳಗೆಳೆದೆ. ಗುಂಡು ತುಟಿಯಿಂದ ಜಾರಿ ನೇರ ಗಂಟಲಿಗೆ ಹೋಯಿತು.

ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ಗೊತ್ತಿಲ್ಲ. ಕಣ್ಣು ಕತ್ತಲಿಟ್ಟಿತು, ತೂವಾ ಬಂದು ಬೆನ್ನಿಗೆ ಗುದ್ದಿದಳು, ಕರೆಂಟಿನ ಕೆಲಸದವಳ ಕೈ ಸಾಮಾನ್ಯದ್ದಲ್ಲ. ಕೆಮ್ಮಿದೆ. ಗುಂಡು ಹಾರಿಹೋಗಿ ತಕ್ಕಡಿಯ ತಟ್ಟೆಗೇ ಬಿತ್ತು. ಟಿಣ್ ಎಂದಿತು. ತಕ್ಕಡಿ ತನ್ನ ಕೆಲಸ ಮಾಡಿತು: ಸವೆದು ಉಳಿದದ್ದು ಎಂಟು ಪಾಯಿಂಟ್ ನಾಲ್ಕು ಗ್ರಾಂ.

ಸಿಕ್ಸ್ಟೆನ್ ಅಳತೆಯ ಇಕ್ಕಳ ತೆಗೆದು ಗುಂಡಿನ ಬಾಲ ಹಿಡಿದ. "ಆರು ಪಾಯಿಂಟ್ ಏಳು," ಎಂದು ಪಿಸುಗುಟ್ಟಿದ. "ಹೆಸರಿಗೆ ಆರೂವರೆ ಅಂದ್ರೂ ಅಳತೆಗೆ ಆರು ಪಾಯಿಂಟ್ ಏಳು ಇರತ್ತೆ. ಅದು ಯಾಕೆ ಅಂದ್ರೆ..."

"ಸಿಕ್ಸ್ಟೆನ್!" ಎಂದು ಎಲ್ಲರೂ ಕೂಗಿದರು.

ಅವನು ನಿಧಾನವಾಗಿ ತೂವಾಳ ಕಡೆ ತಿರುಗಿದ. ಅವನ ಮುಖ ಬಿಳಿಚಿಕೊಂಡಿತ್ತು, ಅರ್ಧಚಂದ್ರ ಮಾತ್ರ ಕೆಂಪಗಿತ್ತು. "ಈ ಕಾಡಿನಲ್ಲಿ ಆರೂವರೆ ಒಂದೇ ಇರೋದು."

"ನಾನು ಹೊಡೆದಿಲ್ಲ ಮಾವ. ಹಳ್ಳದ ಹತ್ರ ನಾಯಿ ಹಿಂದೆ ಇದ್ದೆ."

"ಮತ್ತೆ ಗುನ್ವೋರ್ ಗುಂಡು ಬಚ್ಚಿಟ್ಟಿದ್ದು ಯಾಕೆ? ನಿನ್ನ ಉಳಿಸೋಕೆ ತಾನೇ? ನೀನೂ ನಾಯಕನೂ ಒಂದೇ ಹೊತ್ತಿಗೆ ಹೊಡೆದಿದೀರಿ. ನಿನ್ನದು ಬಿತ್ತು, ನಾಯಕನದು..." ಮುಂದಿನ ಮಾತು ಅವನ ಬಾಯಿಂದ ಹೊರಡಲಿಲ್ಲ. ದಿಬ್ಬದ ಮೇಲಿನಿಂದ ಅಲ್ಗೋಟನ ಗುರಿ ತಪ್ಪಿತು ಎಂದು ಹೇಳುವ ನಾಲಿಗೆ ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ. "ಏಳನೇ ನಿಯಮ. ಬಳಗದಿಂದ ಹೊರಗೆ. ನೀನು ನನ್ನ ಅಕ್ಕನ ಮಗಳು, ನನಗೂ ಸಂಕಟ ಆಗತ್ತೆ, ಆದ್ರೆ ನಿಯಮ ನಿಯಮ."

ನನಗೆ ನನ್ನ ಮೇಲೇ ಅಸಹ್ಯವಾಯಿತು. ಮುದುಕನ ಮಾನ ಉಳಿಸಲು ಹೋಗಿ ಹುಡುಗಿಯನ್ನು ಕಳ್ಳಿ ಮಾಡಿದ್ದೆ. ತೂವಾ ಅಳಲಿಲ್ಲ. ಕೈಕಟ್ಟಿ ನಿಂತಿದ್ದಳು. "ಎಷ್ಟು ಸದ್ದು ಕೇಳಿಸ್ತು ಅಂತ ಕೇಳಿ," ಎಂದಳು. ಒಬ್ಬರು ಒಂದು ಎಂದರು. ಇನ್ನೊಬ್ಬರು ಒಂದೂವರೆ ಎಂದರು. ಕೊನೆಗೆ ಸಿಕ್ಸ್ಟೆನ್ ಬೆಂಚಿನ ಕಡೆ ತಿರುಗಿದ.

"ಅಲ್ಗೋಟ್, ನೀನು ದಿಬ್ಬದ ಮೇಲಿದ್ದೆ. ನೀನೇ ಹೇಳು. ಒಂದಾ, ಎರಡಾ?"

ಎರಡು ಎಂದರೆ ಅವನು ಒಮ್ಮೆ ಗುರಿ ತಪ್ಪಿದ ಮುದುಕನಾಗುತ್ತಿದ್ದ, ಅಷ್ಟೇ. ನಾಯಕನ ಜಾಗ ಉಳಿಯುತ್ತಿತ್ತು, ದಿಬ್ಬ ಉಳಿಯುತ್ತಿತ್ತು, ಹುಡುಗಿ ಹೋಗುತ್ತಿದ್ದಳು. ಅವನು ಎರಡು ಎಂದಿದ್ದರೆ ನಾನು ಅವನನ್ನು ಅಲ್ಲೇ ಅದೇ ಕೊಕ್ಕೆಗೆ ನೇತುಹಾಕುತ್ತಿದ್ದೆ. ಚೂರಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಒಂದು," ಎಂದ ಅಲ್ಗೋಟ್.

ಎದ್ದು ಬಂದು ಕೋವಿಯನ್ನು ಮೇಜಿನ ಮೇಲಿಟ್ಟ. ನಳಿಗೆಯ ಬಾಯಿಯ ಟೇಪನ್ನು ಸುಲಿದ. ಹೊಸ ಟೇಪು, ಗುಂಡು ಹಾರಿಸಿದ ಮೇಲೆ ಕಾಡಿನಲ್ಲೇ ಸುತ್ತಿದ್ದು. ಒಳಗೆ ಸಣ್ಣ ತೂತು.

"ಸಿಗ್ನೆದು," ಎಂದ. "ಏಪ್ರಿಲಲ್ಲಿ ಭುಜಕ್ಕೆ ಕಬ್ಬಿಣ ಹಾಕಿದ್ರು. ಒಂಬತ್ತು-ಮೂರು ಇನ್ನು ಮುಟ್ಟಬೇಡ ಅಂದ್ರು. ಮುಟ್ಟಿದೆ, ಒಂದು ಸಲ. ಶೆಡ್ಡಿನ ಹಿಂದೆ. ಅಲ್ಲೇ ಕೂತು ಅತ್ತೆ."

ಅಲ್ಗೋಟ್ ಇಷ್ಟೊಂದು ಮಾತಾಡಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಅವನು ಇನ್ನೂ ಮುಗಿಸಿರಲಿಲ್ಲ.

"ಎಂಬತ್ತೊಂಬತ್ತರಲ್ಲಿ ಕೋವಿ ತಪ್ಪಿರಲಿಲ್ಲ. ನಾನು ತಪ್ಪಿದ್ದೆ. ಓಡೋ ಮೂಸ್‌ಗೆ ದೂರದಿಂದ ಹೊಡೆದೆ, ಹೊಟ್ಟೆಗೆ ಬಿತ್ತು. ಹೊಟ್ಟೆಗೆ ಬಿದ್ರೆ ಸಿಕ್ಸ್ಟೆನ್ನನ ಆನೆ ಕೋವಿಯಾದ್ರೂ ಅಷ್ಟೇ. ಗುಂಡು ಸಾಲಲಿಲ್ಲ ಅಂತ ಹೇಳೋದು ಸುಲಭ ಇತ್ತು."

"ಸಿಗ್ನೆಗೆ ಗೊತ್ತಿತ್ತಾ?" ಎಂದು ಕೇಳಿದೆ.

ಅವನು ಉಸಿರು ಒಳಗೆಳೆದುಕೊಂಡ.

"ಮತ್ತೆ ಅವಳು ಯಾಕೆ ಹೇಳಲಿಲ್ಲ?"

"ನಾನೇ ಹೇಳಲಿ ಅಂತ ಕಾಯ್ತಿದ್ಲು ಅನ್ಸತ್ತೆ."

ನನಗೆ ಸಿಟ್ಟು ಬಂತು, ಅಳುವೂ ಬಂತು, ಯಾವುದಕ್ಕೆ ಮೊದಲು ದಾರಿ ಬಿಡಲಿ ಎಂದು ತಿಳಿಯಲಿಲ್ಲ. ಮೂವತ್ತು ವರ್ಷ! ಅಷ್ಟು ವರ್ಷ ಆ ಹೆಂಗಸು ಮೇಜೋಡು ಹೆಣೆಯುತ್ತಾ ಒಂದು ಮಾತಿಗೆ ಕಾದಳು. ಕಾದು ಕಾದು ಸತ್ತಳು. ಈ ಕತ್ತೆ ಅದನ್ನು ಈಗ, ಹನ್ನೊಂದು ಜನ ಮತ್ತು ಒಂದು ಸತ್ತ ಮೂಸ್‌ನ ಮುಂದೆ ಹೇಳುತ್ತಿದ್ದಾನೆ. ನಾನು ಅತ್ತೆ. ರಕ್ತದ ಕೈಯಲ್ಲೇ ಮುಖ ಒರೆಸಿಕೊಂಡೆ. ಆಮೇಲೆ ಕನ್ನಡಿ ನೋಡಿದಾಗ ನಾನೇ ಹೆದರಿದೆ.

"ಏಳನೇ ನಿಯಮ ನಾನೇ ಬರೆದಿದ್ದು," ಎಂದ ಅಲ್ಗೋಟ್. "ನಾಯಕನ ಪುಸ್ತಕ ಇಲ್ಲಿದೆ. ನಾನು ಹೊರಡ್ತೀನಿ."

ಅವನು ಬಾಗಿಲ ಕಡೆ ನಡೆದ. ನನಗೆ ಬಾಗಿಲು ಕಾಣಲಿಲ್ಲ, ನನ್ನ ಅಡುಗೆಮನೆಯ ಕಿಟಕಿ ಪಕ್ಕದ ಕುರ್ಚಿ ಕಂಡಿತು.

"ನಿಂತ್ಕೋ!" ಎಂದು ಕೂಗಿದೆ. "ಯಾರೂ ಅಲ್ಲಾಡಬೇಡಿ. ಈಗ ನಾನು ಒಂದು ಕೇಳ್ತೀನಿ. ಸುಳ್ಳು ಹೇಳಿದೋರ ಮಾಂಸ ನಾನು ಕಡಿದು ಕೊಡಲ್ಲ, ಚಳಿಗಾಲವಿಡೀ ಆಲೂಗಡ್ಡೆ ತಿನ್ನಿ. ನಿಮ್ಮಲ್ಲಿ ಯಾರಿಗೆ ಆ ದೊಡ್ಡ ಕೋವಿ ಹಾರಿಸಿದಾಗ ಭುಜ ನೋಯತ್ತೆ? ಗುಂಡು ಹಾರೋ ಮೊದಲೇ ಯಾರು ಕಣ್ಣು ಮುಚ್ತೀರಾ?"

ಗಂಡಸರು ನೆಲ ನೋಡಿದರು, ಸೂರು ನೋಡಿದರು, ಮೂಸ್ ನೋಡಿದರು. ಆಮೇಲೆ ತೊಟ್ಟಿಯ ಹಿಂದಿನ ಮೂಲೆಯಿಂದ ಒಂದು ಸಣ್ಣ ಸುಯ್ ಕೇಳಿಸಿತು. ಬಾಗಿ ನೋಡುವಷ್ಟರಲ್ಲಿ ಕಿಟಕಿಯ ಹತ್ತಿರದಿಂದ ಇನ್ನೊಂದು. ಬಾಗಿಲಿನಿಂದ ಎರಡು. ಒಬ್ಬೊಬ್ಬರಾಗಿ ಎಲ್ಲರೂ ಉಸಿರು ಒಳಗೆಳೆದುಕೊಂಡರು, ಸುಲಿಯುವ ಮನೆಯ ಗಾಳಿಯೆಲ್ಲ ಖಾಲಿಯಾಯಿತೇನೋ ಎಂಬಂತೆ. ಕೊನೆಗೆ ಉಳಿದವನು ಸಿಕ್ಸ್ಟೆನ್.

ತೂವಾ ಅವನ ಮುಂದೆ ಹೋಗಿ ನಿಂತು ಹಣೆಯನ್ನೇ ನೋಡಿದಳು. "ಮಾವ?"

ಸಿಕ್ಸ್ಟೆನ್ ಅರ್ಧಚಂದ್ರವನ್ನು ಮುಟ್ಟಿಕೊಂಡ. ಕಣ್ಣಲ್ಲಿ ನೀರಿತ್ತು. ಬಹಳ ಉದ್ದವಾಗಿ ಸುಯ್ ಎಂದ. "ಕೊಂಬೆ ಅಲ್ಲ," ಎಂದ.

ಪುಸ್ತಕದಲ್ಲಿ ಏಳನೆಯ ನಿಯಮಕ್ಕೆ ಅಡ್ಡಗೀಟು ಎಳೆದವನೂ ಅವನೇ. ಸ್ಕೇಲು ಇಟ್ಟು ಎಳೆದ. "ಸಿಗ್ನೆಯನ್ನು ಬಿಟ್ಟು" ಎಂಬುದರ ಮೇಲೆ ಎಳೆಯಲು ಮನಸ್ಸಾಗದೆ ಅದನ್ನು ಹಾಗೇ ಬಿಟ್ಟ. ಹೊರಟಿದ್ದ ಅಲ್ಗೋಟ್ ಹಿಂದಿರುಗಿ ಬಂದು, ದಿಬ್ಬವನ್ನೂ ಇನ್ನು ಚೀಟಿಗೆ ಹಾಕುವುದೆಂದು ಹೇಳಿದ, ಯಾರೂ ಬೇಡವೆನ್ನಲಿಲ್ಲ.

ಉಳಿದದ್ದು ಗುಂಡು. ನಾನು ತೊಳೆದು, ಸುತ್ತಿಗೆ ಮೊಳೆ ಹಿಡಿದು ಹಲಗೆಯ ಮುಂದೆ ನಿಂತೆ. ಅಲ್ಗೋಟನ ಸಾಲಿಗೆ ಕೈ ಇಡುವಷ್ಟರಲ್ಲಿ ಅವನೇ ಬಂದು ಎಡಗೈಯಿಂದ ಸುತ್ತಿಗೆ ಕಸಿದುಕೊಂಡ. ಪಕ್ಕದ ಸಾಲಿಗೆ ಹೋದ, ನಾಲ್ಕು ವರ್ಷದಿಂದ ನಿಂತಿದ್ದ ಸಾಲಿಗೆ. ಅಲ್ಲಿ ಗುಂಡನ್ನಿಟ್ಟು ಬಡಿದ. ಎಡಗೈ ಆದ್ದರಿಂದ ಹೆಬ್ಬೆರಳಿಗೂ ಒಂದು ಬಿತ್ತು. ವರ್ಷ ಬರೆದ, ತೂಕ ಬರೆದ. ಸ್ವಲ್ಪ ಹೊತ್ತು ಅಲ್ಲೇ ನಿಂತು ಆ ಸಣ್ಣ ಗುಂಡುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದ. ಆಮೇಲೆ ತೂವಾಳಿಗೆ, "ನಾಳೆ ಚೀಟಿ ಎತ್ತು," ಎಂದು ಹೇಳಿ ಮನೆಗೆ ಹೋದ.

ಮರುದಿನ ದಿಬ್ಬದ ಚೀಟಿ ತೂವಾಳಿಗೇ ಬರಬೇಕು, ಕಥೆಯಾಗಿದ್ದರೆ ಬರುತ್ತಿತ್ತು. ಬಂದದ್ದು ಸಿಕ್ಸ್ಟೆನ್‌ಗೆ. ತೂವಾಳಿಗೆ ಕಲ್ಲುಗುಡ್ಡೆಯ ಜಾಗ ಬಂತು, ಅವಳು ಹನ್ನೊಂದು ಗಂಟೆಗೆ ಒಂದು ಮೂಸ್ ಕರು ಹೊಡೆದಳು, ಭುಜದ ಹಿಂದೆ ಒಂದು ಗೇಣು. ಅಲ್ಗೋಟನಿಗೆ ಬಂದದ್ದು ಜೌಗಿನ ಅಂಚು, ಎಲ್ಲಕ್ಕಿಂತ ಕೆಟ್ಟ ಜಾಗ. ಬೆಳಗಿನಿಂದ ಅಲ್ಲಿ ಆರೂವರೆ ಹಿಡಿದು ಕೂತಿದ್ದ. ಮಧ್ಯಾಹ್ನ ಒಂದು ದೊಡ್ಡ ಗಂಡು ಮೂಸ್ ಅವನ ಮುಂದೆಯೇ ಬಂತಂತೆ, ಪಕ್ಕಕ್ಕೆ ತಿರುಗಲೇ ಇಲ್ಲವಂತೆ, ಇವನು ಹೊಡೆಯಲಿಲ್ಲವಂತೆ.

ಸಂಜೆ ನಾಲ್ಕಕ್ಕೆ ಮಂಡಿಯವರೆಗೆ ಕೆಸರಾಗಿ, ಖಾಲಿ ಕೈಯಲ್ಲಿ ನನ್ನ ಅಡುಗೆಮನೆಗೆ ಬಂದು ಕೂತ. ಸೊಳ್ಳೆಯನ್ನು ಬೈದ, ಬೂಟನ್ನು ಬೈದ, ಚೀಟಿಯನ್ನು ಬೈದ, ನನ್ನ ಕಾಫಿ ತೆಳ್ಳಗಿದೆ ಎಂದ. ನಾನು ಎಲ್ಲದಕ್ಕೂ ಕಿವಿಗೊಟ್ಟೆ. ಲೋಟ ಖಾಲಿಯಾಗುವವರೆಗೂ ಅವನು ಕೋವಿಯನ್ನು ಮಾತ್ರ ಬೈಯಲಿಲ್ಲ.